ನೂರೆಂಬತ್ತು ನಿಮಿಷದ ಕ್ಯಾಸೆಟ್ಟು

ಅಂಬಕ್ಕ ಐದೂವರೆಗೆ ಟಿ.ವಿ.ಯಲ್ಲಿ ಬರುತ್ತಾಳೆಂದು
ಬೆಟಗೇರಿಯ ನಮ್ಮ ಓಣಿ ನಾಲ್ಕಕ್ಕೇ ಮಗ್ಗ ಬಿಟ್ಟೆದ್ದಿತು.
ಮಸ್ಕತ್‌ನಿಂದ ಸೋದರಮಾವ ತಂದ ವಿ.ಸಿ.ಆರ್. ನಮ್ಮಲ್ಲಿ,
ಟಿ.ವಿ. ಮಾತ್ರ ಹಳೆಯದು, ಕಪ್ಪುಬಿಳುಪು.
ಅಪ್ಪ ಗದಗ ಸ್ಟೇಷನ್ನಿನ ಗೂಡ್ಸ್ ಕಾರಕೂನ,
ರಸೀದಿ ಇಲ್ಲದೆ ಒಂದು ಹತ್ತಿ ಅಂಡಿಗೆಯನ್ನೂ ಮುಟ್ಟದ ಮನುಷ್ಯ.

ಕೆಂಪು ಗುಂಡಿಯ ಮೇಲೆ ನನ್ನ ಬೆರಳು.
ಅಪ್ಪ ಕೇಳಿದ, ಯಾರ ಕಡೆಗೂ ನೋಡದೆ:
"ಹಿಂಗ ತುಂಬಿಕೊಳ್ಳೂದು ಕಾಯ್ದೆಕ್ಕ ಕೂಡತದೇನು?"
ಹುದ್ದಾರ ವಕೀಲರು ಆರಾಮ ಕುರ್ಚಿಯಿಂದ:
"ನಿಮ್ಮ ಮನ್ಯಾಗ ನೀವ ನೋಡಿದ್ರ ಅಡ್ಡಿ ಇರಲಿಕ್ಕಿಲ್ಲ.
ಮಂದಿ ಕೂಡಿಸಿ ತೋರಿಸಿದ್ರ, ಅದು ಬ್ಯಾರೆ ಮಾತು."
ಅಪ್ಪ ಪಡಸಾಲಿ ಎಣಿಸಿದ. ಮೂವತ್ತೇಳು.
ಹೊಸ್ತಿಲ ಮೇಲೆ ಕೂತವರನ್ನು
ಒಳಗೆ ಹಿಡಿಯಬೇಕೋ ಹೊರಗೋ ತಿಳಿಯದೆ
ಮತ್ತೆ ಮೊದಲಿನಿಂದ.
ಅವ್ವ ಚಹಾದ ತಾಟು ಹಿಡಿದು ಬಂದಳು:
"ಚಾ ಕುಡದವರೆಲ್ಲಾ ಮನಿಮಂದಿ. ಬರಕೋರಿ."

ಬಂದಳು ಅಂಬಕ್ಕ.
ಎದುರಿಗೆ ಕೂತ ಅಂಬಕ್ಕ ಸೆರಗು ಸರಿಮಾಡಿಕೊಂಡಳು,
ಒಳಗಿನವಳು ಮಾಡಿಕೊಳ್ಳಲಿಲ್ಲ.
ಕ್ಯಾಮೆರಾ ಬಾಗಿ ದಡಿ ನೋಡಿತು,
ಅವಳತ್ತೆ ಕಲಿಸಿದ ಹುಣಸಿಹೂವಿನ ದಡಿ,
ನಮಗದು ಬರೀ ಬೂದಿಯ ಮೇಲೆ ಬೂದಿ.
ಎಡಗೈ ಲಾಳಿ ಎಸೆಯಿತು,
ಬಲಗೈ ಕಾಯಿತು,
ಕರೆಂಟು ಹೋಯಿತು.

ಆಮೇಲೆ ಕಂದೀಲಿನ ಬೆಳಕಲ್ಲಿ
ಅಪ್ಪ ಸ್ಕ್ರೂಡ್ರೈವರಿನಿಂದ ಕ್ಯಾಸೆಟ್ಟಿನ ಬೆನ್ನ ಹಲ್ಲು ಮುರಿದ.
ಹಲ್ಲು ಹೋದರೆ ಅದರ ಮೇಲೆ ಇನ್ನೊಂದು ಅಚ್ಚಾಗುವುದಿಲ್ಲ.
ಅದರಿಂದ ಎಷ್ಟು ಬೇಕಾದರೂ ಆಗುತ್ತದೆ,
ಇದನ್ನು ಅಪ್ಪ ಹೇಳಲಿಲ್ಲ, ನಾನು ಕೇಳಲಿಲ್ಲ.

ಹುಬ್ಬಳ್ಳಿಯ ಅರಿವೆ ಅಂಗಡಿಯವನೊಬ್ಬ,
ಯಾರದೋ ಬೀಗರು, "ಒಂದ ರಾತ್ರಿ ಕೊಡೋ ತಮ್ಮಾ" ಅಂದ.
ಕೊಟ್ಟೆ. ಒಂದು ಪೆನ್ನಿಗೆ.
ಅವನ ಮನೆಯಲ್ಲಿ ಬಣ್ಣದ ಟಿ.ವಿ.
ನಮ್ಮ ಬೂದಿಯೊಳಗೆ ಅಷ್ಟು ದಿನ
ಹಳದಿ ಕೂತಿತ್ತೆಂದು, ಹಳದಿಯ ನಡುವೆ
ನರದಂಥ ಕೆಂಪು ಕೂತಿತ್ತೆಂದು
ನನಗೆ ಹೇಗೆ ಗೊತ್ತಾಗಬೇಕು?

ದೀಪಾವಳಿಗೆ ಟಾಂಗಾ ಕೂಟದ ಅಂಗಡಿಗಳ ಮುಂದೆ
ಹುಣಸಿಹೂವಿನ ದಡಿ ಸಾಲಾಗಿ ಜೋತಾಡಿತು,
ಪವರ್‌ಲೂಮಿನದು, ಮೂರಕ್ಕೊಂದು ಕುಪ್ಪಸ ಪುಕ್ಕಟೆ.
ಅಂಬಕ್ಕ ಒಂದರ ಅಂಚು ಹಿಡಿದು
ಹೆಬ್ಬೆರಳಲ್ಲಿ ತಿಕ್ಕಿದಳು.
"ಬಣ್ಣ ಬಂದಾವ. ಕೈ ಬಂದಿಲ್ಲ."
ಅಷ್ಟೇ. ಆಮೇಲೆ ಅರ್ಧ ಕಿಲೋ ಬೆಲ್ಲ ಕೊಂಡಳು.
ನಾನು ಚೀಲ ಹಿಡಿದುಕೊಂಡೆ.
ಕಿಸೆಯಲ್ಲಿ ಪೆನ್ನು ಸೋರುತ್ತಿತ್ತು.

ಹುದ್ದಾರ ವಕೀಲರನ್ನು ಕೇಳಿದೆ, ಯಾರಿಗೋ ಆದ ಹಾಗೆ.
ಚಿತ್ರ ತೆಗೆದವರದು ಚಿತ್ರ, ಅಂದರು.
ದಡಿ? ಅವಳು ಎಲ್ಲಾದರೂ ನೋಂದಾಯಿಸಿದ್ದಾಳೇನು?
ಅತ್ತೆಯ ಕೈಯಿಂದ ಸೊಸೆಯ ಕೈಗೆ ಹೋದದ್ದಕ್ಕೆ
ದಫ್ತರ ಯಾವುದು, ನಾನು ಬಾಯಿ ತೆರೆಯಲಿಲ್ಲ.

ಅಂಬಕ್ಕ ಹೋಗಿ ಹನ್ನೊಂದು ವರ್ಷ.
ಮೊನ್ನೆ ಅವಳ ಮೊಮ್ಮಗಳು ನೀಲಗಂಗಾ ಬಂದಿದ್ದಳು:
"ಅಜ್ಜಿ ಅದಾಳಂತಲ್ಲ ನಿಮ್ಮಲ್ಲೆ, ಮೊಬೈಲಿಗೆ ಹಾಕಿಕೊಡ್ರಿ."
ಟ್ರಂಕು ತೆಗೆದೆ. ರೀಲಿನ ಮೇಲೆ ಬಿಳಿ ಬೂಷ್ಟು.
ಕೊಡುವ ಮೊದಲು, ಅಪ್ಪನ ಮಗನಲ್ಲವೇ,
ಅಪ್ಪಣೆ ಕೇಳಿ ದಿಲ್ಲಿಗೊಂದು ಪತ್ರ ಬರೆದೆ,
ರಜಿಸ್ಟರ್ ಮಾಡಿ ರಸೀದಿ ಇಟ್ಟುಕೊಂಡೆ.
ಉತ್ತರ ಇಲ್ಲ.

ಹುಬ್ಬಳ್ಳಿಯಲ್ಲೊಬ್ಬ ಹುಡುಗ ತೊಳೆದು, ಒರೆಸಿ, ತೆಗೆದುಕೊಟ್ಟ.
ನಾಲ್ಕು ನಿಮಿಷ ಚಿಲ್ಲರೆ, ಪೂರಾ ಬಣ್ಣದಲ್ಲಿ,
ನಾನು ಮೊದಲ ಸಲ ನೋಡಿದ್ದು.
ಹೌದು, ಹಳದಿ. ಹೌದು, ಕೆಂಪು.
ಲಾಳಿ ಎಡಗೈ ಬಿಟ್ಟಿತು.
ತಟ್ಟನೆ ಕತ್ತಲೆ.

"ಇಷ್ಟ ಏನ್ರಿ?" ಅಂದಳು ನೀಲಗಂಗಾ.
ಇಷ್ಟೇ, ತಂಗಿ.
ಮುಂದಿನದನ್ನು ದಿಲ್ಲಿಯವರು ಪೂರ್ತಿ ಇಟ್ಟಿರಬಹುದು.
ಈ ಕತ್ತಲೆ ಅವರ ಹತ್ತಿರ ಇರಲಾರದು;
ಇದು ಆ ಸಂಜೆ ನಮ್ಮ ಓಣಿಗೆ ಬಿದ್ದದ್ದು,
ಮೂವತ್ತೇಳು ಮಂದಿ "ಹೋ" ಎಂದು ಒದರಿದ್ದು,
ಅಂಬಕ್ಕ ನಕ್ಕದ್ದು.

ಅದು ಇದರಲ್ಲಿ ಕೇಳುವುದಿಲ್ಲ.